ಆನ್‌ಲೈನ್ ವಿಮಾನ ಕಾಳಗ: ಮೊದಲು ಕಣ್ಣು, ಆಮೇಲೆ ಬಂದೂಕು

ಎರಡನೇ ಮಹಾಯುದ್ಧದ ವಿಮಾನ ಕಾಳಗದ ಕಂಪ್ಯೂಟರ್ ಆಟ ಐಎಲ್-2 ಗ್ರೇಟ್ ಬ್ಯಾಟಲ್ಸ್‌ನ ಮಲ್ಟಿಪ್ಲೇಯರ್‌ಗೆ ಬರುವವರು ಮೊದಲು ಕೇಳುವುದು ಯಾವ ವಿಮಾನ, ಯಾವ ಜಾಯ್‌ಸ್ಟಿಕ್ ಎಂದು. ನಾನಾದರೆ, ತಲೆ ತಿರುಗಿಸಿದಂತೆ ಆಟದೊಳಗಿನ ನೋಟವೂ ತಿರುಗುವ ಹೆಡ್ ಟ್ರ್ಯಾಕಿಂಗ್ ಮೊದಲು ಮಾಡಿಕೊಳ್ಳಿ ಅನ್ನುತ್ತೇನೆ. ಇಲ್ಲಿ ಬೀಳುವವರಲ್ಲಿ ಹೆಚ್ಚಿನವರು ಹೊಡೆದವನನ್ನು ಕಂಡೇ ಇರುವುದಿಲ್ಲ.

ನಾನು ಬಳಸುವುದು ಉಚಿತವಾಗಿ ಸಿಗುವ ಓಪನ್‌ಟ್ರ್ಯಾಕ್ ಸಾಫ್ಟ್‌ವೇರ್. ಅದರ ನ್ಯೂರಲ್‌ನೆಟ್ ಟ್ರ್ಯಾಕರ್‌ಗೆ ಮಾಮೂಲಿ ವೆಬ್‌ಕ್ಯಾಮ್ ಸಾಕು. ನೋಟದ ನಡುಕ ತಗ್ಗಿಸುವ ಫಿಲ್ಟರ್ ಆಕ್ಸೆಲಾ. ಎಡ-ಬಲ ತಿರುಗುವ ಕರ್ವ್‌ನಲ್ಲಿ (ತಲೆ ಎಷ್ಟು ತಿರುಗಿದರೆ ನೋಟ ಎಷ್ಟು ತಿರುಗಬೇಕೆಂದು ಹೇಳುವ ಗೆರೆ) ಮೊದಲ 3 ಡಿಗ್ರಿ ಸಪಾಟಾಗಿರಲಿ, ಇಲ್ಲವಾದರೆ ಗುರಿ ಹಿಡಿಯುವಾಗ ಉಸಿರಾಟಕ್ಕೂ ನೋಟ ಅಲ್ಲಾಡುತ್ತದೆ. ತಲೆ 35 ಡಿಗ್ರಿ ತಿರುಗಿದರೆ ಕಾಕ್‌ಪಿಟ್‌ನಲ್ಲಿ 150 ಡಿಗ್ರಿ ತಿರುಗುವಂತೆ ಇಟ್ಟುಕೊಂಡಿದ್ದೇನೆ.

ನಮ್ಮ ಕಡೆಯವರಿಗೆ ಇದರಲ್ಲೊಂದು ತೊಡಕಿದೆ. ಯುರೋಪಿನ ಸರ್ವರ್‌ಗಳು ತುಂಬುವುದು ಅಲ್ಲಿನ ರಾತ್ರಿ 8ರ ಹೊತ್ತಿಗೆ. ಜರ್ಮನಿಯ ಲೆಕ್ಕದಲ್ಲಿ ನಮಗೆ ಬೇಸಿಗೆಯಲ್ಲಿ 11.30, ಚಳಿಗಾಲದಲ್ಲಿ 12.30. ಮನೆಯವರು ಮಲಗಿದ್ದಾರೆಂದು ದೀಪ ಆರಿಸಿ ಕೂತರೆ ವೆಬ್‌ಕ್ಯಾಮ್ ಎಕ್ಸ್‌ಪೋಷರ್ ಹೆಚ್ಚಿಸಿಕೊಂಡು 30 ಫ್ರೇಮ್‌ನಿಂದ 15ಕ್ಕೆ ಇಳಿಯುತ್ತದೆ, ನೋಟ ಕುಂಟತೊಡಗುತ್ತದೆ. ಕ್ಯಾಮೆರಾದ ಆಟೋ ಎಕ್ಸ್‌ಪೋಷರ್ ಆಫ್ ಮಾಡಿ, ಮಾನಿಟರ್ ಪಕ್ಕ ಮುಖಕ್ಕೆ ಬೀಳುವಂತೆ ಸಣ್ಣ ಎಲ್‌ಇಡಿ ದೀಪ ಇಡಿ. ಬೆನ್ನ ಹಿಂದೆ ಟ್ಯೂಬ್‌ಲೈಟ್ ಬೇಡ. ಇನ್ನು ನೆಟ್: ವೈಫೈ ಬಿಟ್ಟು ಲ್ಯಾನ್ ಕೇಬಲ್ ಹಾಕಿ. ಪಿಂಗ್, ಅಂದರೆ ಸಂಕೇತ ಸರ್ವರ್‌ಗೆ ಹೋಗಿ ಬರುವ ಹೊತ್ತು, 150 ಮಿಲಿಸೆಕೆಂಡ್ ಇದ್ದರೂ ಆಡಬಹುದು, ಅದು ಕ್ಷಣಕ್ಷಣಕ್ಕೂ ಏರಿಳಿದರೆ ಎದುರಾಳಿಯ ವಿಮಾನ ನೆಗೆಯುತ್ತಿರುತ್ತದೆ.

ಸ್ಟಾಲಿನ್‌ಗ್ರಾಡ್ ನಕ್ಷೆಯಲ್ಲಿ ನಾನು ಹಾರಿಸುವುದು ಜರ್ಮನ್ ಯುದ್ಧವಿಮಾನ ಬಿಎಫ್ 109 ಎಫ್-4. ಅರ್ಧ ಟ್ಯಾಂಕ್, ಅಂದರೆ 200 ಲೀಟರ್ ತುಂಬಿಸಿ, ಮುಂಚೂಣಿ ದಾಟುವ ಮೊದಲೇ 4,000 ಮೀಟರ್ ಏರುತ್ತೇನೆ. ಎಂಜಿನ್ 1.3 ಅಟಾದಲ್ಲಿ (ಅಟಾ ಅಂದರೆ ಎಂಜಿನ್ ಒಳಗೆ ಹೋಗುವ ಗಾಳಿಯ ಒತ್ತಡದ ಅಳತೆ) ಅರ್ಧ ಗಂಟೆ ತಡೆಯುತ್ತದೆ; 1.42 ಅಟಾ ಒಂದೇ ನಿಮಿಷ, ಅದು ಪ್ರಾಣ ಉಳಿಸಿಕೊಳ್ಳುವುದಕ್ಕೆ ಮಾತ್ರ.

ಸೋವಿಯತ್ ಯುದ್ಧವಿಮಾನ ಯಾಕ್-1 ಜೊತೆ ಸುತ್ತು ಹೊಡೆಯಲು ಹೋಗಬೇಡಿ, ಅದು ಬೆನ್ನಿಗೆ ಬರಬಹುದು. ವೇಗವನ್ನು ಎತ್ತರಕ್ಕೆ ಬದಲಿಸಿಕೊಳ್ಳುವುದೇ 109ರ ಬಲ. ಗಾಳಿಯ ತಡೆ ಬಿಟ್ಟು ಲೆಕ್ಕ ಹಾಕಿದರೆ ಗಂಟೆಗೆ 600 ಕಿ.ಮೀ. ವೇಗಕ್ಕೆ ಸುಮಾರು 1,400 ಮೀಟರ್ ಎತ್ತರ ಸಿಗುತ್ತದೆ, 400ಕ್ಕೆ 630 ಅಷ್ಟೇ. ಎರಗಿ, ಹೊಡೆದು, ನೇರ ಮೇಲೇರಿದರೆ ಕೆಳಗಿದ್ದವನ ಕೈಗೆ ನೀವು ಸಿಗುವುದಿಲ್ಲ. ಆದರೆ 600 ದಾಟಿದರೆ ಎಲಿವೇಟರ್ (ಮೂಗನ್ನು ಏರಿಳಿಸುವ ಬಾಲದ ಪಟ್ಟಿ) ಕಲ್ಲಾಗುತ್ತದೆ. ಬಾಲದ ಅಡ್ಡರೆಕ್ಕೆಯ ಕೋನ ಬದಲಿಸುವ ಸ್ಟೆಬಿಲೈಜರ್ ಟ್ರಿಮ್ಮನ್ನು ಜಾಯ್‌ಸ್ಟಿಕ್‌ನ ಎರಡು ಬಟನ್‌ಗೆ ಕೊಟ್ಟುಕೊಂಡು ಮೂಗೆತ್ತಲು ಅದನ್ನೂ ಬಳಸಿ, ನೆಲ ಹತ್ತಿರವಾಗುವ ಮುನ್ನವೇ ಶುರು ಮಾಡಿ.

ಫಿರಂಗಿ ಮೂಗಿನಲ್ಲೇ ಇರುವುದರಿಂದ ಕನ್ವರ್ಜೆನ್ಸ್ (ಗುಂಡುಗಳು ಒಂದೆಡೆ ಸೇರುವ ದೂರ) ತಲೆನೋವು ಕಡಿಮೆ, 200 ಮೀಟರ್‌ಗೆ ಇಟ್ಟರೆ ಆಯಿತು. ರೆವಿ ಗುರಿಗಾಜಿನ ವೃತ್ತ ನೋಡಿ: ಯಾಕ್‌ನ ರೆಕ್ಕೆಯಗಲ 10 ಮೀಟರ್, ಅದು ವೃತ್ತದ ಅರ್ಧದಷ್ಟು ಕಂಡರೆ ದೂರ 200 ಮೀಟರ್, ಪೂರ್ತಿ ತುಂಬಿದರೆ 100. ಅರ್ಧ ತುಂಬುವವರೆಗೆ ಟ್ರಿಗರ್ ಮುಟ್ಟುವುದಿಲ್ಲ. 20 ಎಂ.ಎಂ. ಫಿರಂಗಿಗೆ ಇರುವುದು 200 ಗುಂಡು. ನಿಮಿಷಕ್ಕೆ ಸುಮಾರು 700ರಂತೆ ಒತ್ತಿ ಹಿಡಿದರೆ ಹದಿನೇಳು ಸೆಕೆಂಡಿಗೆ ಖಾಲಿ.

ಹೊಡೆದ ಮೇಲೆ ಎದುರಾಳಿ ಬೀಳುವುದನ್ನು ನೋಡುತ್ತ ಹಿಂಬಾಲಿಸಬೇಡಿ, ಅಂಕ ಸರ್ವರ್ ತಾನೇ ಬರೆದುಕೊಳ್ಳುತ್ತದೆ. ಏರುತ್ತಲೇ ರೆಕ್ಕೆಯನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ವಾಲಿಸಿ ಬಾಲದ ಕೆಳಗೆ ನೋಡಿ. ತಲೆಯ ಹಿಂದಿನ ಉಕ್ಕಿನ ತಗಡು ನೇರ ಹಿಂದಿನದನ್ನು ಮರೆ ಮಾಡುತ್ತದೆ, ಅವನ ಜೊತೆಗಾರ ಬರುವುದು ಅಲ್ಲಿಂದಲೇ.