ಜೀವಕೋಶದೊಳಗೆ ಸುದ್ದಿ ಓಡುವುದನ್ನು ತರಗತಿಯಲ್ಲಿ ಆಡಿಸಿ ತೋರಿಸುವುದು ಹೇಗೆ

ಸಕಲೇಶಪುರದ ಹತ್ತಿರ ಒಂದು ಪಿಯು ಕಾಲೇಜಿನಲ್ಲಿ ನಾನು ಜೀವಶಾಸ್ತ್ರ ಹೇಳಿಕೊಡುತ್ತೇನೆ. ಮ್ಯಾಕ್ರೋಫೇಜ್ ಅನ್ನುವ ರಕ್ಷಣಾ ಜೀವಕೋಶ ಬ್ಯಾಕ್ಟೀರಿಯಾವನ್ನು ನುಂಗುತ್ತದೆ ಅಂತ ಮಕ್ಕಳು ಪುಸ್ತಕದಲ್ಲಿ ಓದಿರುತ್ತಾರೆ. ಆದರೆ ಬ್ಯಾಕ್ಟೀರಿಯಾ ಹೊರಗೆ ತಾಗಿದ್ದು ಜೀವಕೋಶದ ಒಳಗೆ ಗೊತ್ತಾಗುವುದು ಹೇಗೆ? ಬೋರ್ಡಿನ ಮೇಲೆ ಬಾಣ ಎಳೆದು ಹೇಳಿದರೆ ಉರು ಹೊಡೆಯುತ್ತಾರೆ, ಅಷ್ಟೇ. ಹತ್ತು ಹನ್ನೆರಡು ಮಕ್ಕಳನ್ನು ನಿಲ್ಲಿಸಿ ಆಡಿಸಿದರೆ ಒಂದೇ ಪೀರಿಯಡ್ಡಿನಲ್ಲಿ ಹಿಡಿಸುತ್ತದೆ. ನಾನು ಆಡಿಸುವ ಬಗೆ ಹೇಳುತ್ತೇನೆ.

ಮುಳ್ಳಿನಿಂದ ಶುರು ಮಾಡಿ. ಮೆಣಸಿನ ಬಳ್ಳಿ ಹಬ್ಬಿಸಿದ ಹಾಲವಾಣದ ಮುಳ್ಳು ಚುಚ್ಚಿಸಿಕೊಳ್ಳದ ಮಕ್ಕಳು ನಮ್ಮ ಕಡೆ ಕಡಿಮೆ. ಮಾರನೇ ದಿನ ಬೆರಳು ಏನಾಗಿತ್ತು ಅಂತ ಕೇಳಿ. ಕೆಂಪಗಾಯ್ತು, ಬಿಸಿಯಾಯ್ತು, ಊದಿಕೊಳ್ತು ಅನ್ನುತ್ತಾರೆ. ಆಗ ಮೆಚ್ನಿಕಾಫ್ ಅನ್ನುವ ವಿಜ್ಞಾನಿಯ ಕತೆ ಹೇಳಿ. 1882ರಲ್ಲಿ ಇಟಲಿಯ ಮೆಸ್ಸಿನಾದಲ್ಲಿ ಅವರು ನಕ್ಷತ್ರ ಮೀನಿನ ಮರಿಗೆ ಗುಲಾಬಿ ಮುಳ್ಳು ಚುಚ್ಚಿ ಬಿಟ್ಟಿದ್ದರು. ಬೆಳಗ್ಗೆ ನೋಡಿದರೆ ಮುಳ್ಳಿನ ಸುತ್ತ ಜೀವಕೋಶಗಳು ಮುತ್ತಿಕೊಂಡಿದ್ದವು. 1908ರಲ್ಲಿ ಅವರಿಗೆ ನೊಬೆಲ್ ಬಂತು. ಆ ಜೀವಕೋಶಗಳೆಲ್ಲ ಮುಳ್ಳಿನ ಹತ್ತಿರ ಬಂದಿದ್ದು ಯಾರು ಕರೆದು? ಈ ಪ್ರಶ್ನೆ ಬೋರ್ಡಿನ ಮೇಲೆ ಹಾಗೇ ಇರಲಿ.

ಆಮೇಲೆ ಆನೆ. ತೋಟಕ್ಕೆ ಆನೆ ಬಂದಿದೆ ಅಂತ ನಮಗೆ ಗೊತ್ತಾಗುವುದು ಆನೆಯನ್ನೇ ನೋಡಿ ಅಲ್ಲ, ಅಲ್ವಾ? ಲದ್ದಿ, ಹೆಜ್ಜೆ, ಮುರಿದು ಬಿದ್ದ ಬೈನೆ ಮರ. ಯಾವ ಆನೆ, ಒಂಟಿಯೋ ಗುಂಪೋ, ಅದು ಆಮೇಲಿನ ಮಾತು. ಮ್ಯಾಕ್ರೋಫೇಜ್ ಕೂಡ ಹೀಗೇ. ಗ್ರಾಂ ನೆಗೆಟಿವ್ ಅನ್ನುವ ಬಗೆಯ ಬ್ಯಾಕ್ಟೀರಿಯಾಗಳ ಹೊರಪೊರೆಯಲ್ಲಿ ಎಲ್‌ಪಿಎಸ್ ಅನ್ನುವ ವಸ್ತು ಇರುತ್ತದೆ. ನಮ್ಮ ಜೀವಕೋಶಗಳಲ್ಲಿ ಅದು ಇಲ್ಲ. ಅದನ್ನು ಕಂಡರೆ ಸಾಕು, ಹೊರಗಿನವರು ಬಂದಿದ್ದಾರೆ ಅಂತ ಅರ್ಥ. ಅದನ್ನು ಹಿಡಿಯುವ ಕೈ ಟಿಎಲ್‌ಆರ್4, ಜೀವಕೋಶದ ಪೊರೆಯಲ್ಲಿರುವ ಒಂದು ಪ್ರೋಟೀನ್. ಇಲಿಗಳಲ್ಲಿ ಇದನ್ನು 1998ರಲ್ಲಿ ತೋರಿಸಿದವರು ಬ್ರೂಸ್ ಬ್ಯೂಟ್ಲರ್ ತಂಡದವರು. 2011ರ ನೊಬೆಲ್‌ನಲ್ಲಿ ಅವರಿಗೂ ಪಾಲಿತ್ತು.

ಈಗ ಜಗಲಿಗೆ ಹೋಗಿ. ಸೀಮೆಸುಣ್ಣದಲ್ಲಿ ದೊಡ್ಡ ವೃತ್ತ ಬರೆಯಿರಿ, ಅದು ಜೀವಕೋಶ. ಒಳಗೆ ಚಿಕ್ಕ ವೃತ್ತ, ಅದು ನ್ಯೂಕ್ಲಿಯಸ್. ದೊಡ್ಡ ವೃತ್ತದ ಗೆರೆಯ ಮೇಲೆ ಇಬ್ಬರು ಟಿಎಲ್‌ಆರ್4. ಗೆರೆಯ ಒಳಗೆ, ಅವರ ಬೆನ್ನ ಹಿಂದೆ ಒಬ್ಬಳು ಮೈಡಿ88. ಆಚೆಗೆ ಒಬ್ಬ ಐಕೆಕೆ. ಇವೆರಡೂ ಸುದ್ದಿ ದಾಟಿಸುವ ಪ್ರೋಟೀನುಗಳು. ಮೈಡಿ88ಕ್ಕೂ ಐಕೆಕೆಗೂ ನಡುವೆ ಇನ್ನೂ ನಾಲ್ಕೈದು ಪ್ರೋಟೀನುಗಳಿವೆ. ಮೊದಲ ದಿನ ಅವನ್ನು ಬಿಟ್ಟುಬಿಡಿ. ಹೆಸರಿನ ಸಂತೆಯಲ್ಲಿ ಮಕ್ಕಳು ಕಳೆದುಹೋಗುತ್ತಾರೆ.

ಇನ್ನು ಮುಖ್ಯದವರು. ಎನ್‌ಎಫ್-ಕಪ್ಪಾಬಿ. ನ್ಯೂಕ್ಲಿಯಸ್‌ಗೆ ಹೋಗಿ ಜೀನುಗಳನ್ನು ಕೆಲಸಕ್ಕೆ ಹಚ್ಚುವ ಪ್ರೋಟೀನ್ ಇದು. ಇದನ್ನು 1986ರಲ್ಲಿ ಕಂಡುಹಿಡಿದವರು ರಂಜನ್ ಸೇನ್ ಮತ್ತು ಡೇವಿಡ್ ಬಾಲ್ಟಿಮೋರ್. ಮಕ್ಕಳಿಗೆ ಕಪ್ಪೆ ಅಂತ ಕೇಳಿಸುತ್ತದೆ. ಕೇಳಿಸಲಿ, ನೆನಪಿರುತ್ತದೆ. ಇದು ಒಬ್ಬರಲ್ಲ, ಜೋಡಿ. ಇಬ್ಬರನ್ನು ಕೈಕೈ ಹಿಡಿಸಿ ನಿಲ್ಲಿಸಿ, ಕೊರಳಲ್ಲಿ ಕಾಲೇಜಿನ ಐಡಿ ಕಾರ್ಡ್ ಇರಲಿ. ನ್ಯೂಕ್ಲಿಯಸ್ ಬಾಗಿಲಲ್ಲಿ ಒಬ್ಬ ಕಾವಲುಗಾರ. ಕಾರ್ಡ್ ಕಾಣದಿದ್ದರೆ ಒಳಗೆ ಬಿಡುವ ಹಾಗಿಲ್ಲ. ಇನ್ನೊಬ್ಬಳು ಐ-ಕಪ್ಪಾಬಿ. ಅವಳ ಕೆಲಸ ಒಂದೇ: ಆ ಕಾರ್ಡನ್ನು ಅಂಗೈಯಿಂದ ಮುಚ್ಚಿ ಹಿಡಿಯುವುದು.

ಇಲ್ಲಿ ಸ್ವಲ್ಪ ನಿಲ್ಲಿ. ಮಕ್ಕಳು ನೋಡಲಿ. ಎನ್‌ಎಫ್-ಕಪ್ಪಾಬಿಯನ್ನು ಹೊಸದಾಗಿ ಮಾಡಬೇಕಾಗಿಲ್ಲ. ಅದು ಮೊದಲೇ ತಯಾರಾಗಿ ನಿಂತಿದೆ, ಹಿಡಿದಿಟ್ಟಿದ್ದಾರೆ ಅಷ್ಟೇ. ಅದಕ್ಕೇ ಕೆಲಸ ಅಷ್ಟು ಬೇಗ ಶುರುವಾಗುತ್ತದೆ. ಸುದ್ದಿ ಸಿಕ್ಕ ಸುಮಾರು ಅರ್ಧ ಗಂಟೆಯೊಳಗೆ ಅದು ನ್ಯೂಕ್ಲಿಯಸ್‌ನಲ್ಲಿರುತ್ತದೆ.

ಆಟ ಶುರು. ಎಲ್‌ಪಿಎಸ್ ಅಂತ ಬರೆದ ಚೀಟಿಯನ್ನು ಹೊರಗಿನಿಂದ ಕೊಡಿ. ಟಿಎಲ್‌ಆರ್4ಗಳಿಬ್ಬರೂ ಹತ್ತಿರ ಬಂದು ಭುಜ ತಾಗಿಸುತ್ತಾರೆ. ಚೀಟಿ ಒಳಗೆ ಹೋಗಬಾರದು, ಇದನ್ನು ಒತ್ತಿ ಹೇಳಿ. ಒಳಗೆ ಹೋಗುವುದು ಬರೀ ಸುದ್ದಿ. ಭುಜ ತಾಗಿದ್ದನ್ನು ಬೆನ್ನ ಹಿಂದಿನ ಮೈಡಿ88 ಗಮನಿಸಿ ಐಕೆಕೆಯನ್ನು ಎಬ್ಬಿಸುತ್ತಾಳೆ. ಐಕೆಕೆ ಬಂದು ಐ-ಕಪ್ಪಾಬಿಯ ತೋಳಿಗೆ ಎರಡು ಸ್ಟಿಕ್ಕರ್ ಬಿಂದಿ ಅಂಟಿಸುತ್ತಾನೆ. ಎರಡೇ. ಮೂರಲ್ಲ, ಒಂದಲ್ಲ. ಯಾಕೆಂದರೆ ಅದರ 32ನೇ ಮತ್ತು 36ನೇ ಸ್ಥಾನದಲ್ಲಿರುವ ಸೆರೀನ್ ಅನ್ನುವ ಅಮೈನೋ ಆಮ್ಲಗಳಿಗೆ ಒಂದೊಂದು ಫಾಸ್ಫೇಟ್ ಕೂರುತ್ತದೆ. ಬಿಂದಿ ಕಂಡ ಕೂಡಲೇ ಇನ್ನೊಬ್ಬ ಪಿನ್ನುಗಳ ಸರ ತಂದು ಅವಳ ತೋಳಿಗೆ ಸಿಕ್ಕಿಸುತ್ತಾನೆ. ಅದು ಯುಬಿಕ್ವಿಟಿನ್. ಆ ಸರ ಇದ್ದವರನ್ನು ಪ್ರೋಟಿಯಾಸೋಮ್ ಅನ್ನುವ ಇಬ್ಬರು ಎಳೆದುಕೊಂಡು ಹೋಗುತ್ತಾರೆ. ನಿಜವಾದ ಜೀವಕೋಶದಲ್ಲಿ ಅದನ್ನು ಚೂರು ಚೂರು ಮಾಡುತ್ತಾರೆ. ಅಂಗೈ ಹೋಯಿತು, ಕಾರ್ಡ್ ಕಂಡಿತು, ಕಾವಲುಗಾರ ದಾರಿ ಬಿಟ್ಟ.

ನ್ಯೂಕ್ಲಿಯಸ್‌ನಲ್ಲಿ ನಾಲ್ಕು ಆಜ್ಞೆಯ ಕಾರ್ಡ್ ಇಟ್ಟಿರಿ. ಒಂದೊಂದೂ ಒಂದು ಪ್ರೋಟೀನ್ ಮಾಡಿಸುವ ಜೀನ್. ಮೊದಲನೆಯದು ಟಿಎನ್‌ಎಫ್: ರಕ್ತನಾಳದ ಗೋಡೆ ಸಡಿಲವಾಗಲಿ. ಬೆರಳು ಕೆಂಪಾಗಿ ಊದಿದ್ದು ಇದರಿಂದಲೇ ಶುರು. ಎರಡನೆಯದು ಐಎಲ್-8: ನ್ಯೂಟ್ರೋಫಿಲ್‌ಗಳೇ (ಒಂದು ಬಗೆಯ ಬಿಳಿ ರಕ್ತಕಣ) ಈ ಕಡೆ ಬನ್ನಿ. ಬೋರ್ಡಿನ ಪ್ರಶ್ನೆಗೆ ಇಲ್ಲಿ ಉತ್ತರ ಸಿಗುತ್ತದೆ. ಮೂರನೆಯದು ಐಎಲ್-6: ಮೆದುಳಿಗೆ ತಿಳಿಸಿ, ಮೈ ಬಿಸಿಯಾಗಲಿ. ಎನ್‌ಎಫ್-ಕಪ್ಪಾಬಿ ಜೋಡಿ ಒಂದೊಂದನ್ನೇ ಗಟ್ಟಿಯಾಗಿ ಓದುತ್ತದೆ. ಚಿಕ್ಕ ವೃತ್ತದ ಹೊರಗಿನವರು ನಕಲು ಬರೆದುಕೊಂಡು ಅದರಂತೆ ಮಾಡುತ್ತಾರೆ.

ನಾಲ್ಕನೇ ಕಾರ್ಡ್ ಬಗ್ಗೆ ಹೇಳಲೇಬೇಕು. ಮೊದಲ ಸಲ ಆಡಿಸಿದಾಗ ನಾನು ಮೂರೇ ಕಾರ್ಡ್ ಇಟ್ಟಿದ್ದೆ. ಮಕ್ಕಳು ಓದುತ್ತಲೇ ಇದ್ದರು. ಬೆಲ್ ಹೊಡೆಯುವ ಹೊತ್ತಿಗೆ ಹಿಂದಿನ ಸಾಲಿನ ಒಬ್ಬಳು ಕೇಳಿದಳು, "ಮಿಸ್, ಇದನ್ನ ನಿಲ್ಸೋದ್ಯಾರು?" ನಾನು ಸುಮ್ನೆ ನಿಂತುಬಿಟ್ಟೆ. ಉತ್ತರ ಗೊತ್ತಿತ್ತು, ಆಟದಲ್ಲಿ ಸೇರಿಸಿರಲಿಲ್ಲ. ಅದೇ ಮಳೆಗಾಲ ಅಪ್ಪನಿಗೆ ಮೂತ್ರದ ಸೋಂಕು ರಕ್ತಕ್ಕೆ ಇಳಿದು ಹಾಸನದಲ್ಲಿ ಒಂಬತ್ತು ದಿನ ಐಸಿಯುನಲ್ಲಿದ್ದರು. ಬಿಪಿ ಕುಸಿಯುತ್ತಲೇ ಇತ್ತು. ಸೆಪ್ಸಿಸ್ ಅಂದರೆ ಸೋಂಕಿನ ಜೊತೆಗೆ ಮೈಯದೇ ಪ್ರತಿಕ್ರಿಯೆ ಹತೋಟಿ ತಪ್ಪಿ ಅಂಗಾಂಗಗಳಿಗೆ ಪೆಟ್ಟು ಕೊಡುವುದು. ಬೆರಳಿನ ಒಂದು ತುದಿಯಲ್ಲಿ ಆದರೆ ಕಾಪಾಡುವ ರಕ್ತನಾಳದ ಆ ಸಡಿಲಿಕೆ ಮೈಯೆಲ್ಲ ಆದರೆ ಬಿಪಿ ಬೀಳಿಸುತ್ತದೆ. ಐಸಿಯು ಹೊರಗಿನ ಬೆಂಚಿನ ಮೇಲೆ ಕೂತಿದ್ದಾಗ ಆ ಹುಡುಗಿಯ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಅಪ್ಪ ಮನೆಗೆ ಬಂದರು.

ನಾಲ್ಕನೇ ಕಾರ್ಡಿನಲ್ಲಿ ಇರುವುದು ಐ-ಕಪ್ಪಾಬಿ. ಹೌದು, ಮೊದಲಿಗೆ ಎಳೆದೊಯ್ದರಲ್ಲ, ಅದೇ. ಎನ್‌ಎಫ್-ಕಪ್ಪಾಬಿ ಓದುವ ಆಜ್ಞೆಗಳಲ್ಲಿ ತನ್ನನ್ನೇ ಹಿಡಿದು ನಿಲ್ಲಿಸುವವಳನ್ನು ಮಾಡಿ ಅನ್ನುವುದೂ ಒಂದು. ಅದನ್ನು ಓದಿದ ಮೇಲೆ ಹೊಸ ಹುಡುಗಿಯೊಬ್ಬಳನ್ನು ಕಳಿಸಿ. ಅವಳು ನ್ಯೂಕ್ಲಿಯಸ್ ಒಳಗೆ ಹೋಗಿ, ಕೊರಳಿನ ಐಡಿ ಕಾರ್ಡ್ ಮುಚ್ಚಿ, ಜೋಡಿಯನ್ನು ಹೊರಗೆ ಕರೆತರಬೇಕು. ಜೀವಕೋಶದಲ್ಲಿ ಸುಮಾರು ಒಂದು ಗಂಟೆ ಹೊತ್ತಿಗೆ ಇದು ನಡೆಯುತ್ತದೆ. ಎಲ್‌ಪಿಎಸ್ ಚೀಟಿ ಇನ್ನೂ ಬಾಗಿಲಲ್ಲಿದ್ದರೆ ಐಕೆಕೆ ಮತ್ತೆ ಬಿಂದಿ ತರುತ್ತಾನೆ, ಮತ್ತೆ ಬಿಡುಗಡೆ. ಚೀಟಿ ಹೋಗಿದ್ದರೆ ಜೋಡಿ ಹೊರಗೇ ನಿಲ್ಲುತ್ತದೆ.

ಸಮಯ ಉಳಿದರೆ ಎರಡನೇ ಸುತ್ತು ಆಡಿಸಿ. ಈ ಸಲ ನಾಲ್ಕನೇ ಕಾರ್ಡನ್ನು ಯಾರಿಗೂ ಹೇಳದೆ ತೆಗೆದಿಡಿ. ನೀವು ಏನೂ ವಿವರಿಸಬೇಡಿ. ಕಾರ್ಡ್ ಎಲ್ಲಿ ಅಂತ ಅವರೇ ಕೇಳುವ ತನಕ ಓದಲಿ.