ಉಪ್ಪುಗಾಳಿಗೆ ಪರದೆ ಕಟ್ಟಿದ್ದು

ನಮ್ಮ ಮನೆತನಕ್ಕೆ ಎರಡು ಕಸುಬು, ಬಲೆ ಮತ್ತು ಗೊಂಬೆ. ಶಿಳ್ಳೇಕ್ಯಾತರು ಅಂದರೆ ತೊಗಲುಗೊಂಬೆ ಆಡಿಸುವವರು ಅಂತ ಜನ ತಿಳಿದಿದ್ದಾರೆ. ಆದರೆ ಕೆರೆ, ಹೊಳೆಯ ಮೀನು ಹಿಡಿದು ಹೊಟ್ಟೆ ಹೊರೆದವರೂ ನಮ್ಮಲ್ಲಿ ಬಹಳ. ತುಂಗಭದ್ರಾ ಡ್ಯಾಮಿನ ಹಿನ್ನೀರು ನಿಂತ ಮೇಲೆ ನಮ್ಮ ಅಜ್ಜ ಅದರ ದಂಡೆಗೆ ಬಂದು ಕೂತವರು, ನಾವು ಅಲ್ಲೇ ಬೆಳೆದೆವು. ಕೊಪ್ಪಳ ತಾಲ್ಲೂಕಿನ ಮೊರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದ ಮೇಲೆ ನಮ್ಮಂಥ ಸಣ್ಣ ಮೇಳದವರಿಗೂ ಹೊರಜಿಲ್ಲೆಯಿಂದ ಫೋನು ಬರತೊಡಗಿದವು. ಹಾಗೆ ಬಂದದ್ದೇ ಉತ್ತರ ಕನ್ನಡದ ಒಂದು ಮೀನುಗಾರರ ಊರಿನ ಕರೆ. ಡಿಸೆಂಬರಿನಲ್ಲಿ ಕಡಲ ಹಬ್ಬ, ಮೂರು ದಿನ ದೋಣಿ ಸ್ಪರ್ಧೆ, ಹಾಡು, ಯಕ್ಷಗಾನ. ನಡುವೆ ನಿಮ್ಮದೊಂದು ಆಟ ಆಗಬೇಕು ಅಂದರು. ಎಷ್ಟು ಕೊಡ್ತೀರಿ ಅಂತ ಕೇಳುವ ಮೊದಲೇ ಹೂಂ ಅಂದುಬಿಟ್ಟೆ. ಕಡಲ ದಂಡೆಯಲ್ಲಿ ಆಡುವುದು ನನ್ನ ಅಪ್ಪನ ಆಸೆಯಾಗಿತ್ತು.

ಮಳೆ ಕೈಕೊಟ್ಟ ವರ್ಷ ನಮ್ಮ ಕಡೆ ಊರವರು ಕರೆಸಿ, ಮಳೆ ಬರಲಿ ಅಂತ ಆಟ ಆಡಿಸುತ್ತಾರೆ. ಕಡಲ ದಂಡೆಯಲ್ಲಿ ನೀರಿಗೇನು ಬರ? ಹಾಗಾಗಿ ರಾಮ ಲಂಕೆಗೆ ಸೇತುವೆ ಕಟ್ಟುವ ಸೇತುಬಂಧ ಆಡೋಣ ಅಂದುಕೊಂಡೆವು. ಹನುಮಂತ ಹುಟ್ಟಿದ್ದು ಅಂತ ನಾವು ನಂಬಿರುವ ಅಂಜನಾದ್ರಿ ನಮ್ಮ ಗಂಗಾವತಿ ಮಗ್ಗುಲಿಗೇ ಇದೆ. ಅವನು ಹಾರಿದ್ದು ಕಡಲನ್ನು. ನಮ್ಮೂರಿನ ಮಗನನ್ನು ಅವರ ನೀರಿಗೆ ಕರೆದುಕೊಂಡು ಹೋದಂತಾಗುತ್ತದೆ ಅಂತ ನನ್ನ ಹೆಂಡತಿ ಅಂದಳು. ಆದರೆ ಪೆಟ್ಟಿಗೆ ತೆಗೆದು ನೋಡಿದರೆ ಸಮುದ್ರರಾಜನ ಗೊಂಬೆಯನ್ನು ಇಲಿ ಕಡಿದಿತ್ತು.

ಹೊಸದು ಮಾಡಲೇಬೇಕಾಯಿತು. ಆಡಿನ ತೊಗಲು ನೆನೆಹಾಕಿ, ಕೂದಲು ಹೆರೆದು, ನಾಲ್ಕೂ ಕಡೆ ಗೂಟ ಬಡಿದು ಬಿಗಿದೆವು. ಒಣಗುತ್ತ ಒಣಗುತ್ತ ಅದು ಎಣ್ಣೆ ಕುಡಿದ ಕಾಗದದ ಹಾಗೆ ಬೆಳಕು ಬಿಡುತ್ತದೆ. ಎಲ್ಲಿ ಮಾಂಸದ ಪೊರೆ ಉಳಿಯುತ್ತದೋ ಅಲ್ಲಿ ಬಣ್ಣ ಕೊಳೆಯಾಗಿ ಕಾಣುತ್ತದೆ, ಆದ್ದರಿಂದ ಹೆರೆಯುವುದಕ್ಕೇ ಎರಡು ದಿನ ಕೊಟ್ಟೆ. ಅಪ್ಪನ ಹತ್ತಿರ ಅವರ ಕಾಲದ ಜಿಂಕೆ ತೊಗಲಿನ ಗೊಂಬೆಗಳೂ ಇದ್ದವು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಜಿಂಕೆಯ ಮಾತಿಲ್ಲ, ಆಡೇ ಗತಿ. ಬಟ್ಟೆ, ಕಿರೀಟಕ್ಕೆಲ್ಲ ಉಳಿಯಲ್ಲಿ ಸಣ್ಣ ಸಣ್ಣ ರಂಧ್ರ ಹೊಡೆದು, ಕಣ್ಣನ್ನು ಕೊನೆಗೆ ಕೊರೆದೆ. ಕಣ್ಣು ಬಿದ್ದ ಮೇಲೆ ಅದನ್ನು ನೆಲದ ಮೇಲೆ ಇಡುವುದಿಲ್ಲ.

ಗಾಳಿಯ ಅಭ್ಯಾಸ ನಡೆದದ್ದು ಹಿನ್ನೀರಿನ ದಂಡೆಯಲ್ಲಿ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಬಯಲಲ್ಲಿ ಆಡುವ ಎಲ್ಲರಿಗೂ ಉಪಯೋಗ. ಗೊಂಬೆ ಬಟ್ಟೆಗೆ ಅಂಟಿಕೊಂಡಿದ್ದರೆ ಮಾತ್ರ ಕಣ್ಣು, ಹುಬ್ಬು, ಕಿರೀಟದ ರಂಧ್ರ ಚೂಪಾಗಿ ಕಾಣುತ್ತವೆ. ಎರಡು ಬೆರಳು ಸರಿದರೂ ಮುಖ ಕಲಸಿಹೋಗುತ್ತದೆ. ಹಿಂದಿನಿಂದ ಗಾಳಿ ಬಂದರೆ ಪರದೆ ಜನರ ಕಡೆ ಉಬ್ಬಿ ಗೊಂಬೆಯನ್ನು ಬಿಟ್ಟು ಹೋಗುತ್ತದೆ. ಮುಂದಿನಿಂದ ಬಂದರೆ ನಮ್ಮ ಮುಖದ ಮೇಲೇ ಬೀಳುತ್ತದೆ. ಮಗ್ಗುಲಿಂದ ಬೀಸುವ ಗಾಳಿಯೊಂದೇ ನಮಗೆ ಸಲ್ಲುವುದು. ಕಡಲ ದಂಡೆಯಲ್ಲಿ ಹಗಲು ನೆಲ ಕಾದು, ಸಂಜೆವರೆಗೆ ಗಾಳಿ ಕಡಲಿನಿಂದ ನೆಲಕ್ಕೆ ಬೀಸುತ್ತದೆ. ರಾತ್ರಿ ಏರಿದಂತೆ ಅದು ಇಳಿದು, ಬೆಳಗಿನ ಜಾವಕ್ಕೆ ನೆಲದಿಂದ ಕಡಲಿಗೆ ತಿರುಗುತ್ತದೆ. ಹಾಯಿದೋಣಿಯ ಕಾಲದಲ್ಲಿ ಆ ಗಾಳಿ ಹಿಡಿದೇ ಮೀನಿಗೆ ಹೋಗುತ್ತಿದ್ದರಂತೆ. ಅಂದರೆ ಪರದೆಯ ಅಂಚು ನೀರಿಗೆ ಮುಖ ಮಾಡಬೇಕು, ಆಟ ಗಾಳಿ ಇಳಿದ ಹೊತ್ತಿಗೆ ಶುರುವಾಗಬೇಕು. ಇಷ್ಟನ್ನು ಫೋನಿನಲ್ಲೇ ಕೇಳಿಕೊಂಡೆ. ಒಪ್ಪಿದರು.

ಗದಗ, ಹುಬ್ಬಳ್ಳಿ, ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯುವಾಗಲೇ ಹಾರ್ಮೋನಿಯಂ ನುಡಿಸುವ ನನ್ನ ತಮ್ಮ "ಅಣ್ಣಾ, ಗಾಳಿ ಹಸಿ ಆತು" ಅಂದ. ಊರು ಮುಟ್ಟಿ ಪೆಟ್ಟಿಗೆ ತೆಗೆದಾಗ ಎದೆ ಧಸಕ್ಕೆಂದಿತು. ನಮ್ಮ ಬಿಸಿಲುನಾಡಿನಲ್ಲಿ ತಟ್ಟಿದರೆ ತಮಟೆಯಂತೆ ನುಡಿಯುತ್ತಿದ್ದ ಗೊಂಬೆಗಳು ಬಾಳೆಲೆಯಂತೆ ಮೆತ್ತಗಾಗಿದ್ದವು. ಹನುಮಂತನ ಬಾಲ ಸುರುಳಿ ಸುತ್ತಿತ್ತು, ಮೊಣಕೈಯ ದಾರ ಬಿಗಿದು ತೋಳು ಮೇಲೇಳದು. ನಾವು ಇಳಿದುಕೊಂಡಿದ್ದ ಮನೆಯ ಅಮ್ಮ ಕೈಯಲ್ಲಿ ಮುಟ್ಟಿ ನೋಡಿ, "ಒಣಮೀನಿಗೂ ಹೀಂಗೇ ಆಗ್ತದೆ, ಒಲೆ ಮೇಲಿನ ಅಟ್ಟಕ್ಕೆ ಇಡಿ" ಅಂದರು. ಬಿಸಿ ತಾಗುವಂತಿಲ್ಲ, ಬೆಚ್ಚಗಿರಬೇಕು. ಒಣಮೀನಿನ ಬುಟ್ಟಿಗಳನ್ನು ಸರಿಸಿ ಅವರೇ ಜಾಗ ಮಾಡಿದರು. ರಾಮನನ್ನೂ ರಾವಣನನ್ನೂ ಮಗ್ಗುಲಿಗಿಡುವ ಪದ್ಧತಿ ನಮ್ಮಲ್ಲಿಲ್ಲ, ನಡುವೆ ಋಷಿಯ ಗೊಂಬೆ ಇಡುತ್ತೇವೆ. ಅಟ್ಟದ ಮೇಲೂ ಹಾಗೇ ಇಟ್ಟೆವು. ಸಂಜೆಗೆ ಎಲ್ಲ ಗೊಂಬೆ ಬಿಗಿಯಾದವು. ಆ ವಾಸನೆ ಈಗಲೂ ಪೆಟ್ಟಿಗೆಯಲ್ಲಿದೆ, ನನಗೆ ಅದು ಪ್ರೀತಿಯದು.

ನೋವಾದದ್ದು ಜಾಗದ ವಿಷಯಕ್ಕೆ. ದೊಡ್ಡ ವೇದಿಕೆಯ ಕಾಲಬುಡದಲ್ಲಿ, ಆರ್ಕೆಸ್ಟ್ರಾದ ಬಣ್ಣದ ದೀಪಗಳು ನೇರ ಬೀಳುವಲ್ಲಿ, ಸಂಜೆ 7ಕ್ಕೆ 20 ನಿಮಿಷ ಅಂತ ಪಟ್ಟಿಯಲ್ಲಿ ಬರೆದಿದ್ದರು. ಪರದೆ ಕಡಲಿಗೆ ಬೆನ್ನು ಮಾಡಿತ್ತು. ಒಪ್ಪಿಕೊಂಡ ಒಂದು ಮಾತೂ ನಡೆದಿರಲಿಲ್ಲ. ನಮ್ಮದು ಕತ್ತಲೆಯಲ್ಲಿ ಬದುಕುವ ಕಲೆ. ಕತ್ತಲೆ ಕೊಡದೆ ಕರೆಸಿದರೆ ಗೊಂಬೆಗೆ ಅವಮಾನ. ಆಡುವುದಿಲ್ಲ ಅಂತ ಹೇಳಿ ಪೆಟ್ಟಿಗೆ ಹೊತ್ತು ಹೊರಟವನನ್ನು ತಡೆದವರು ದೋಣಿಯವರು. ತುಸು ದೂರದಲ್ಲಿ ದಂಡೆಗೆ ಎಳೆದಿಟ್ಟ ದೋಣಿಗಳ ಸಾಲಿತ್ತು. "ಇದರ ಮರೆಗೆ ಕಟ್ಟಿ, ಆರ್ಕೆಸ್ಟ್ರಾ ಮುಗಿದ ಮೇಲೆ ಆಡಿ, ಜನರನ್ನ ನಾವು ತರ್ತೇವೆ" ಅಂದರು.

ಮರಳಿನಲ್ಲಿ ಗೂಟ ನಿಲ್ಲುವುದಿಲ್ಲ ಅನ್ನುವುದು ನಮಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಒಬ್ಬ ಹುಡುಗ ಗೋಣಿಚೀಲಕ್ಕೆ ಮರಳು ತುಂಬಿ, ನಡುವಿಗೆ ಹಗ್ಗ ಬಿಗಿದು, ಮೊಣಕಾಲುದ್ದದ ಗುಂಡಿಯಲ್ಲಿ ಅಡ್ಡಡ್ಡ ಹೂತು, ಹಸಿಮರಳು ಮುಚ್ಚಿ ತುಳಿದ. ನೆಲದೊಳಗೊಂದು ಲಂಗರು. ನಾಲ್ಕು ಚೀಲಕ್ಕೆ ನಾಲ್ಕು ಹಗ್ಗ, ಪರದೆಯ ಬಿಗಿ ನಮ್ಮೂರ ಗುಡಿಯ ಕಂಬಕ್ಕೆ ಕಟ್ಟಿದಾಗಲೂ ಅಷ್ಟು ಬಂದಿರಲಿಲ್ಲ. ದೀಪಕ್ಕೆ ಹಳದಿ ಬಲ್ಬು ತಂದಿದ್ದೆ. ಎಲ್‌ಇಡಿಯ ಬಿಳಿ ಬೆಳಕಿಗೆ ತೊಗಲಿನ ಕೆಂಪು ಸತ್ತುಹೋಗುತ್ತದೆ. ಮೈಕಿಗೆ ಹಳೆ ಪಂಚೆಯ ತುಂಡು ಸುತ್ತಿದೆವು.

ಹತ್ತು ಗಂಟೆಗೆ ಗಣಪತಿ ಬಂದ. ಆಮೇಲೆ ಜನರನ್ನು ನಗಿಸುವ ಜೋಡಿ, ಕಿಳ್ಳೇಕ್ಯಾತ, ಬಂಗಾರಕ್ಕ. ಹಾಡುವ ಪದಗಳನ್ನು ಬದಲಿಸುವಂತಿಲ್ಲ, ಇವರಿಬ್ಬರ ಮಾತು ಮಾತ್ರ ಊರಿಗೆ ತಕ್ಕ ಹಾಗೆ ಹುಟ್ಟಬೇಕು. ಬಂಗಾರಕ್ಕ ಅಂದಳು: "ಎಲ್ಲಿಗೆ ಕರಕೊಂಡು ಬಂದಿಯೋ, ಈ ಹೊಳಿಗೆ ಆಚಿ ದಂಡಿನ ಇಲ್ಲ!"

"ಇದು ಹೊಳಿ ಅಲ್ಲಲೇ, ಕಡಲು."

"ಹಂಗಾರ ನಮ್ಮ ತುಂಗಭದ್ರಾ ಇಲ್ಲಿ ಬಂದಿರಬೇಕಲ್ಲ, ಕರಿ, ಮಾತಾಡಿಸೂಣು."

"ಆಕಿ ಮೂಡಣ ದಿಕ್ಕಿಗೆ ಹೋದಾಕಿ, ಇದು ಪಡುವಣ ಕಡಲು."

ಜನ ನಕ್ಕರು. ಯಕ್ಷಗಾನದ ಮಾತುಗಾರಿಕೆ ಕೇಳಿ ಬೆಳೆದ ಜನ ಅವರು, ಒಂದು ಮಾತೂ ಕೈತಪ್ಪಲಿಲ್ಲ. ಸಾಮಾನ್ಯವಾಗಿ ಅಲೆಯ ಸದ್ದಿಗೆ ನಾವು ಕಾಲಿನಿಂದ ಹಲಗೆ ಬಡಿಯುತ್ತೇವೆ. ಅಂದು ಬಡಿಯದಂತೆ ಕೈಸನ್ನೆ ಮಾಡಿದೆ. ದೋಣಿಗಳ ಆಚೆ ಕಡಲೇ ನುಡಿಯುತ್ತಿತ್ತು. ರಾಮ ಬಾಣ ಹೂಡಿದಾಗ ಹೊಸ ಸಮುದ್ರರಾಜ ಕೆಳಗಿನಿಂದ ಎದ್ದ. ಅವನ ಎದೆಯ ರಂಧ್ರಗಳಿಂದ ಬೆಳಕು ತೂರಿದ್ದು ನೋಡಿ ನನ್ನ ತಮ್ಮನ ದನಿ ಒಂದು ಗಳಿಗೆ ಕಟ್ಟಿತು.

ಆಟ ಮುಗಿದು ಪರದೆ ಬಿಚ್ಚುವಾಗ ಆ ಮನೆಯ ಅಮ್ಮ ಹಿಂದೆ ಬಂದು ನಿಂತರು. "ಚೆಂದ ಆಯ್ತು. ಆದರೆ ನಿಮ್ಮ ಕಡಲಪ್ಪ ಬಂದ ಕೂಡಲೇ ಹೆದರಿ ಕೈಮುಗೀತಾನಲ್ಲ. ನಾವು ಕಾಯಿ ಬಿಟ್ಟು ಅವನಿಗೆ ಕೈಮುಗಿದೇ ನೀರಿಗೆ ಇಳಿಯೂದು" ಅಂದರು. ನನಗೆ ಉತ್ತರ ಹೊಳೆಯಲಿಲ್ಲ. ದಾರಿಯುದ್ದಕ್ಕೂ ಅದೇ ಮಾತು. ಕತೆಯಲ್ಲಿ ರಾಮ ಬಾಣ ಹೂಡುವ ಮೊದಲು ದರ್ಭೆಯ ಮೇಲೆ ಮಲಗಿ ಮೂರು ರಾತ್ರಿ ಕಡಲನ್ನು ಬೇಡುತ್ತಾನೆ. ಅಪ್ಪ ಅದನ್ನು ನಿಧಾನಕ್ಕೆ, ಅರ್ಧ ಗಂಟೆ ಹಾಡುತ್ತಿದ್ದರು. ಹೊತ್ತು ಸಾಲದು ಅಂತ ಕತ್ತರಿಸಿದವನು ನಾನು.

ಈ ಸಲವೂ ಕರೆದಿದ್ದಾರೆ, ದೋಣಿಗಳ ಮರೆಯಲ್ಲೇ ಜಾಗ. ಮಲಗಿದ ರಾಮನ ಗೊಂಬೆ ನಮ್ಮಲ್ಲಿಲ್ಲ. ಅಂಗಳದಲ್ಲಿ ತೊಗಲು ಬಿಗಿದಿದ್ದೇನೆ, ಇನ್ನೂ ಹೆರೆಯುವುದಿದೆ.