ಮೂಟೆ ಕಡಿಮೆ ಮಾರಿದೆ, ಬಾಕಿ ವಸೂಲಾಯಿತು

ಗೊಬ್ಬರದ ಅಂಗಡಿಯವನೇ ಯೂರಿಯಾ ಕಡಿಮೆ ಹಾಕಿ ಅಂದರೆ ಯಾರು ನಂಬುತ್ತಾರೆ? ಮಂಡ್ಯದ ನಮ್ಮ ಕೊತ್ತತ್ತಿ ಕಡೆ ಮೊದಲು ಯಾರೂ ನಂಬಲಿಲ್ಲ. ಗೊತ್ತಿರುವ ಅಂಗಡಿಯವರು, "ಆರು ತಿಂಗಳಲ್ಲಿ ಷಟರ್ ಎಳೀತೀಯ, ನೋಡ್ತಿರು" ಅಂದರು. ಈಗ ಐದನೇ ವರ್ಷ, ಷಟರ್ ದಿನಾ ಬೆಳಿಗ್ಗೆ ಏಳಕ್ಕೆ ಮೇಲೇರುತ್ತಿದೆ. ಪುಸ್ತಕದಲ್ಲಿ ಒಂಬತ್ತು ಲಕ್ಷದ ಹತ್ತಿರ ಇದ್ದ ಬಾಕಿ ಮೂರರ ಆಸುಪಾಸಿಗೆ ಇಳಿದಿದೆ. ಹೇಗೆ ಅಂತ ಫೋನ್ ಮಾಡುವ ಅಂಗಡಿಯವರು ಜಾಸ್ತಿಯಾದರು. ಅದಕ್ಕೇ ಬರೆಯುತ್ತಿದ್ದೇನೆ.

ಶುರುವಾಗಿದ್ದು ಸಾಲದ ಪುಸ್ತಕದಿಂದಲೇ. 2021ರಲ್ಲಿ ಒಂದು ಸಂಜೆ ಕೂತು ಹಳೆಯ ಬಾಕಿ ಲೆಕ್ಕ ಹಾಕುತ್ತಿದ್ದೆ. ಬಾಕಿಯಲ್ಲಿ ದೊಡ್ಡ ಪಾಲು ಗೊಬ್ಬರದ್ದಲ್ಲ, ಔಷಧಿಯದ್ದು. ಇನ್ನೊಂದು ಸಲ ಹಾಳೆ ತಿರುಗಿಸಿದೆ. ಆಗಸ್ಟ್‌ನಲ್ಲಿ ಯೂರಿಯಾ ಜಾಸ್ತಿ ಒಯ್ದವರೇ ಅಕ್ಟೋಬರ್‌ನಲ್ಲಿ ಭತ್ತದ ಬೆಂಕಿ ರೋಗಕ್ಕೆ, ಕಂದು ಜಿಗಿಹುಳಕ್ಕೆ ಔಷಧಿ ಒಯ್ದಿದ್ದರು. ಎಕರೆಗೆ ಮೂರು ನಾಲ್ಕು ಸಾವಿರ, ಅದೂ ಸಾಲ. ಯೂರಿಯಾ ಜಾಸ್ತಿಯಾದರೆ ಪೈರು ಮೆತ್ತಗಾಗಿ ಹುಳ ರೋಗ ಬರುತ್ತದೆ ಅಂತ, ಗೊಬ್ಬರ-ಔಷಧಿ ಅಂಗಡಿಯವರಿಗಾಗಿ ಇರುವ ದೇಸಿ (DAESI) ಡಿಪ್ಲೊಮಾ ಕೋರ್ಸ್‌ನಲ್ಲಿ ನಾವೆಲ್ಲ ಕೇಳಿದ್ದೇವೆ. ನನ್ನ ಪುಸ್ತಕದಲ್ಲೇ ಹೆಸರು ಸಮೇತ ಅದನ್ನು ಕಂಡಾಗ ರಾತ್ರಿ ನಿದ್ದೆ ಬರಲಿಲ್ಲ. ಆ ಮೂಟೆ ಎತ್ತಿ ಕೊಟ್ಟವನು ನಾನೇ ಅಲ್ವಾ?

ಭತ್ತಕ್ಕೆ ಎಕರೆಗೆ 40:20:20, ಅಂದರೆ ಸಾರಜನಕ 40, ರಂಜಕ 20, ಪೊಟ್ಯಾಷ್ 20 ಕೆಜಿ, ಅಂಗಡಿಯವರಿಗೆಲ್ಲ ಗೊತ್ತು. ಸಾರಜನಕ, ರಂಜಕ ಎರಡೂ ಇರುವ ಡಿಎಪಿ ಒಂದು ಮೂಟೆ ಹಾಕಿದರೆ ಉಳಿದ ಸಾರಜನಕಕ್ಕೆ ಯೂರಿಯಾ ಒಂದೂವರೆ ಮೂಟೆ ಸಾಕು. ನಮ್ಮಲ್ಲಿ ಮೂರು ಮೂಟೆ ಹಾಕುವವರೇ ಹೆಚ್ಚು. ಪೊಟ್ಯಾಷ್ ಮಾತ್ರ ಯಾರಿಗೂ ಬೇಡ. ಮೂಟೆಗೆ ಯೂರಿಯಾ 266 ರೂಪಾಯಿ, ಪೊಟ್ಯಾಷ್ 1,500ರ ಮೇಲೆ. ಬೇರೆ ಹೇಗೆ ಆಗುತ್ತೆ?

ನಾನು ಮಾಡಿದ್ದು ಇಷ್ಟೇ. ಯೂರಿಯಾ ಒಟ್ಟಿಗೆ ಕೊಡುವುದನ್ನು ನಿಲ್ಲಿಸಿದೆ. ನಮ್ಮ ಕಡೆ ಎರಡೆಕರೆ ಗದ್ದೆಯವರೇ ಜಾಸ್ತಿ. ಎರಡೆಕರೆಗೆ ಮೂರು ಮೂಟೆ, ಮೂರು ಕಂತು, ಕಂತಿಗೊಂದು ಮೂಟೆ. ಮೊದಲನೆಯದು ನಾಟಿ ಹೊತ್ತಿಗೆ. ಮುಂದಿನದು ನಾನು ಗದ್ದೆಗೆ ಹೋಗಿ ಎಲೆ ಬಣ್ಣದ ಪಟ್ಟಿ ಹಿಡಿದು ನೋಡಿದ ಮೇಲೆ. ಆ ಪಟ್ಟಿಯಲ್ಲಿ ತಿಳಿಯಿಂದ ಕಡು ಹಸಿರಿನವರೆಗೆ ಬಣ್ಣಗಳಿರುತ್ತವೆ, ಎಲೆಯನ್ನು ಅದಕ್ಕೆ ಹೋಲಿಸಿದರೆ ಯೂರಿಯಾ ಬೇಕೋ ಬೇಡವೋ ತಿಳಿಯುತ್ತದೆ. ಒಂದೆಕರೆಯವರಾದರೆ ಪಕ್ಕದ ಗದ್ದೆಯವರ ಜೊತೆ ಒಂದು ಮೂಟೆ ಹಂಚಿಕೊಳ್ಳಬೇಕು. ಪ್ರತಿ ಸಲ ಅಂಗಡಿಗೆ ಬಂದು ಗೊಬ್ಬರ ಮಾರಾಟ ದಾಖಲಿಸುವ ಪಿಒಎಸ್ ಯಂತ್ರಕ್ಕೆ ಹೆಬ್ಬೆಟ್ಟು ಒತ್ತಬೇಕು. ಬಂದಾಗ ಕೈಲಿದ್ದ ಐನೂರೋ ಸಾವಿರವೋ ಕೊಟ್ಟು ಹೋಗುತ್ತಾರೆ. ವಸೂಲಿ ಅಲ್ಲಿಂದಲೇ ಶುರುವಾಯಿತು.

ಮೊದಲ ವರ್ಷ ಬೈಗುಳವೇ. ಹಿರಿಯರೊಬ್ಬರು ಅಂಗಡಿ ಮುಂದೆ ನಿಂತು, "ಏನಪ್ಪ, ನೀನು ಗೊಬ್ಬರ ಕೊಡಾಕ್ ಕೂತಿದ್ದೀಯೋ, ಬುದ್ಧಿ ಹೇಳಾಕ್ ಕೂತಿದ್ದೀಯೋ? ಗದ್ದೆ ಕರ್ರಗಿರದಿದ್ರೆ ಅದೂ ಒಂದ್ ಬೆಳೆಯಾ?" ಅಂದರು. ಅವತ್ತು ಅವರ ಜೊತೆ ಇನ್ನೂ ಏಳೆಂಟು ಜನ ಬೇರೆ ಅಂಗಡಿಗೆ ಹೋದರು.

ಎಲೆ ಪಟ್ಟಿಗಳನ್ನು ಮೊದಲು ರೈತರ ಕೈಗೇ ಕೊಟ್ಟಿದ್ದೆ. ಐವತ್ತು ಪಟ್ಟಿ ಹಂಚಿದೆ, ಎಲ್ಲಾ ಕ್ಯಾಲೆಂಡರ್ ಮೊಳೆಗೆ ನೇತಾಡಿದವು. ಮಣ್ಣು ಪರೀಕ್ಷೆಗೆ ಜುಲೈನಲ್ಲಿ ಮಾದರಿ ಕೊಟ್ಟೆ, ಫಲಿತಾಂಶ ಕೈಗೆ ಬರುವಷ್ಟರಲ್ಲಿ ನಾಟಿ ಮುಗಿದಿತ್ತು. ತಡ ಮಾಡಿದ್ದು ನಾನೇ. ಈಗ ಮಾರ್ಚ್‌ನಲ್ಲೇ ಮಣ್ಣು ತೆಗೆದು ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂಗೆ ಮುಟ್ಟಿಸುತ್ತೇನೆ. ಡಯಾಂಚ ಬೀಜ ಎಕರೆಗೆ ಹತ್ತು ಕೆಜಿ ಹಾಕಿಸಿದೆ. ಅದು ಹಸಿರೆಲೆ ಗೊಬ್ಬರದ ಗಿಡ, ಎಳೆಯದಿರುವಾಗಲೇ ಉತ್ತು ಮಣ್ಣಿಗೆ ಸೇರಿಸಬೇಕು. ಒಬ್ಬರು ಹೂ ಬಂದು ತಿಂಗಳಾದ ಮೇಲೆ ಉತ್ತರು. ಕಡ್ಡಿ ಬಲಿತು ಸೌದೆಯಂತಾಗಿತ್ತು, ಕೆಸರಲ್ಲಿ ನಾಟಿ ಹೆಂಗಸರ ಕಾಲಿಗೆ ಚುಚ್ಚಿತು. ಆ ಮನೆಯವರು ಮತ್ತೆ ಡಯಾಂಚದ ಮಾತೆತ್ತಲಿಲ್ಲ.

ದೊಡ್ಡ ಪೆಟ್ಟು ಬಿದ್ದಿದ್ದು ಒಬ್ಬ ರೈತರ ಗದ್ದೆಯಲ್ಲಿ. ಲೆಕ್ಕದ ಪ್ರಕಾರವೇ ಕೊಟ್ಟಿದ್ದೆ, ಆದರೂ ಪೈರು ಹಳದಿಯಾಯಿತು. ಹೋಗಿ ನೋಡಿದರೆ ಅವರ ಕೆಳಗಿನ ಗದ್ದೆ ಕಡುಹಸಿರು! ನಾಲೆ ಬಯಲಲ್ಲಿ ನೀರು ಗದ್ದೆಯಿಂದ ಗದ್ದೆಗೆ ಹರಿಯುತ್ತದೆ. ಯೂರಿಯಾ ಎರಚಿದ ದಿನವೇ ಮಡೆ, ಅಂದರೆ ಬದುವಿನಲ್ಲಿ ನೀರು ಹೋಗುವ ಕಂಡಿ, ತೆರೆದಿದ್ದರು, ಗೊಬ್ಬರ ಕೆಳಗಿನವರ ಪಾಲಾಗಿತ್ತು. ಆರೇಳು ಕ್ವಿಂಟಾಲ್ ಕಡಿಮೆ ಬಂತು. ಅವರ ಬಾಕಿಯಲ್ಲಿ ಎಂಟು ಸಾವಿರ ನಾನೇ ಹೊಡೆದು ಹಾಕಿದೆ. ಅಲ್ಲಿಂದ ಈಚೆಗೆ ಮೂಟೆ ಕೊಡುವಾಗ ಮೊದಲ ಮಾತು ಮಡೆಯದ್ದು. ನೀರು ಬಸಿದು ಯೂರಿಯಾ ಹಾಕಿ, ಮೂರು ನಾಲ್ಕು ದಿನ ಮಡೆ ಕಟ್ಟಿ.

ಇನ್ನೊಂದು ತಪ್ಪು ಸತುವಿನದು, ಅಂದರೆ ಜಿಂಕ್‌ನದು. ನಾಟಿಯಾಗಿ ಮೂರು ವಾರಕ್ಕೆ ಎಲೆ ಮೇಲೆ ಕಂದು ಚುಕ್ಕೆ ಬಂದರೆ ರೋಗ ಅಂತ ಔಷಧಿ ಹೊಡೆಯುತ್ತಾರೆ. ನಾನೂ ಎಷ್ಟೋ ವರ್ಷ ಹಾಗೇ ಮಾರಿದ್ದೇನೆ. ಮಣ್ಣಲ್ಲಿ ಸತು ಕಡಿಮೆಯಿದ್ದರೂ ಹಾಗೇ ಆಗುತ್ತದೆ. ಎಕರೆಗೆ ಎಂಟು ಕೆಜಿ ಜಿಂಕ್ ಸಲ್ಫೇಟ್ ಹಾಕಿಸಿದ ಮೇಲೆ ಆ ಚುಕ್ಕೆಯ ದೂರೇ ನಿಂತಿತು. ಡಿಎಪಿ ಜೊತೆ ಮಾತ್ರ ಬೆರೆಸಬೇಡಿ.

2023ರಲ್ಲಿ ಕೆ.ಆರ್.ಎಸ್. ತುಂಬಲಿಲ್ಲ. ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸುವ ಕಟ್ಟು ನೀರು, ಅದೂ ಕೊನೆ ಭಾಗದ ಗದ್ದೆಗಳಿಗೆ ಮುಟ್ಟಲಿಲ್ಲ. ಒಣಗಿದ ಗದ್ದೆಗೂ ಯೂರಿಯಾ ಕೇಳಲು ಬಂದರು. ಕೊಡಲಿಲ್ಲ. ಅದರ ಬದಲು ನೀರಲ್ಲಿ ಕರಗುವ ಪೊಟ್ಯಾಸಿಯಂ ನೈಟ್ರೇಟ್ ಗೊಬ್ಬರ 13:0:45 ಅನ್ನು ಲೀಟರ್‌ಗೆ ಹತ್ತು ಗ್ರಾಂನಂತೆ ಸಿಂಪಡಿಸಲು ಹೇಳಿದೆ. ಹದಿನಾರು ಲೀಟರ್ ಕ್ಯಾನಿಗೆ 160 ಗ್ರಾಂ, ಸಂಜೆ ಹೊತ್ತು. ಕೆಲವು ಗದ್ದೆ ಉಳಿಯಿತು, ಎಲ್ಲವೂ ಅಲ್ಲ. ನಾಟಿ ಮಾಡದವರಿಗೆ ರಾಗಿ, ಹುರುಳಿ ಬೀಜ ಕೊಟ್ಟೆ, ದುಡ್ಡು ಸುಗ್ಗಿಗೆ ಕೊಡಿ ಅಂದೆ. ಆ ವರ್ಷ ಸುಮಾರು ಒಂದೂವರೆ ಲಕ್ಷ ಸಿಕ್ಕಿಹಾಕಿಕೊಂಡಿತು. ಹೆಂಡತಿಯ ಬಳೆ ಅಡವಿಟ್ಟೆ. ಆದರೆ ಬೀಜ ಒಯ್ದವರಲ್ಲಿ ಇಬ್ಬರನ್ನು ಬಿಟ್ಟು ಎಲ್ಲರೂ ತಂದು ಕೊಟ್ಟರು. ಬೈದು ಹೋಗಿದ್ದ ಆ ಹಿರಿಯರು ವಾಪಸ್ ಬಂದಿದ್ದೂ ಆಗಲೇ, ಹುರುಳಿ ಬೀಜಕ್ಕೆ.

ಅದೇ ಬರದಲ್ಲಿ ನನ್ನ ಅರ್ಧ ಎಕರೆ ಕೂಳೆ ಕಬ್ಬಿನಲ್ಲಿ (ಕಡಿದ ಬುಡದಿಂದ ಮತ್ತೆ ಚಿಗುರಿದ ಬೆಳೆ) ಒಂದು ಪ್ರಯೋಗ ಮಾಡಿದೆ. ತರಗನ್ನು, ಅಂದರೆ ಕಬ್ಬಿನ ಒಣ ಎಲೆಯನ್ನು, ಸುಡದೆ ಸಾಲು ಬಿಟ್ಟು ಸಾಲಿಗೆ ಹರಡಿದೆ, ಮೇಲೆ ಸಕ್ಕರೆ ಕಾರ್ಖಾನೆಯಲ್ಲಿ ಉಳಿಯುವ ಮಡ್ಡಿ, ಪ್ರೆಸ್‌ಮಡ್. ಅಪ್ಪ, "ಬೆಂಕಿ ಬಿದ್ರೆ ಊರೇ ಹೋಗ್ತದೆ ಕಣೋ" ಅಂತ ಹೆದರಿದರು. ಇಲಿ ಕಾಟ ನಿಜ, ಹೆಗ್ಗಣವೂ ಬಂತು. ಆದರೆ ತರಗು ಎತ್ತಿ ನೋಡಿದರೆ ನೀರು ಕಟ್ಟಿದ ಹದಿನೈದನೇ ದಿನವೂ ಮಣ್ಣು ತಣ್ಣಗೆ, ಉಂಡೆ ಕಟ್ಟುವಷ್ಟು ಹಸಿ. ಸುಟ್ಟಿದ್ದ ಪಕ್ಕದ ಹೊಲದಲ್ಲಿ ಆರನೇ ದಿನಕ್ಕೇ ಬಿರುಕು. ಎಕರೆ ಲೆಕ್ಕಕ್ಕೆ ನನಗೆ 34-35 ಟನ್ ಬಂತು, ಪಕ್ಕದವರಿಗೆ 27ರ ಹತ್ತಿರ. ತರಗು ಬೇಗ ಕೊಳೆಯಲು ಪ್ರೆಸ್‌ಮಡ್ ಜೊತೆ ಏನು, ಎಷ್ಟು ಬೆರೆಸಿದೆ ಅಂತ ಮಾತ್ರ ಇಲ್ಲಿ ಬರೆಯುವುದಿಲ್ಲ. ಎರಡು ವರ್ಷ ದುಡ್ಡು ಸುರಿದು ಕಂಡುಕೊಂಡಿದ್ದು. ನನ್ನ ರೈತರಿಗೆ ಹೇಳುತ್ತೇನೆ.

ಇನ್ನು ದುಡ್ಡಿನ ವಿಷಯ. ಯೂರಿಯಾ ಮಾರಾಟ ಮೂರನೇ ಒಂದು ಭಾಗ ಇಳಿಯಿತು. ನಷ್ಟವೇನಿಲ್ಲ. ಮೂಟೆಗೆ ಹದಿನೈದು ಹದಿನಾರು ರೂಪಾಯಿ ಸಿಗುತ್ತದೆ, ಹಮಾಲಿ, ಬಾಡಿಗೆ ಕಳೆದರೆ ಕೈಗೇನೂ ಉಳಿಯದು. ನಿಜವಾದ ನಷ್ಟ ಲಿಂಕ್ ಮಾಲಿನದು. ಲೋಡ್ ಬೇಕಾದರೆ ಇದನ್ನೂ ತಗೊಳ್ಳಿ ಅಂತ ಒಂದು ಕಂಪನಿ ಹೊರಿಸಿದ ಡಬ್ಬಿಗಳು ನಲವತ್ತು ಸಾವಿರದಷ್ಟು ಅವಧಿ ಮೀರಿ ಹೋದವು. ರೈತರ ತಲೆಗೆ ಕಟ್ಟಲು ಮನಸ್ಸಾಗಲಿಲ್ಲ. ಸತು, ಪೊಟ್ಯಾಷ್, ಹಸಿರೆಲೆ ಗೊಬ್ಬರದ ಬೀಜ ಈಗ ಚೆನ್ನಾಗಿ ಹೋಗುತ್ತಿವೆ, ಅಂಗಡಿ ನಡೆಯುವುದು ಅದರಲ್ಲೇ. 2025ರ ಜುಲೈನಲ್ಲಿ ರಾಜ್ಯದ ಹಲವು ಕಡೆ ಯೂರಿಯಾಕ್ಕೆ ಜನ ಸಾಲು ನಿಂತರಲ್ಲ, ಆಗ ನನ್ನವರು ಒಬ್ಬರೂ ಪರದಾಡಲಿಲ್ಲ. ಅವರಿಗೆ ಬೇಕಿದ್ದುದು ಸಲಕ್ಕೆ ಒಂದೇ ಮೂಟೆ.

ಕಷ್ಟ ಓಡಾಟದ್ದೇ. ನೂರೆಂಬತ್ತು ಮನೆ ಇವೆ, ದಿನಕ್ಕೆ ಹತ್ತು ಹನ್ನೆರಡು ಗದ್ದೆಗಿಂತ ನೋಡಲಾಗುವುದಿಲ್ಲ. ಸೀಸನ್‌ನಲ್ಲಿ ಪೆಟ್ರೋಲ್‌ಗೇ ತಿಂಗಳಿಗೆ ಮೂರು ಸಾವಿರ ಹೋಗುತ್ತದೆ. ಒಬ್ಬ ಹುಡುಗನನ್ನು ಇಟ್ಟುಕೊಂಡು ಕಲಿಸುತ್ತಿದ್ದೇನೆ. ಗದ್ದೆಗೆ ಹತ್ತು ಎಲೆ, ಪೂರ್ತಿ ಬಿಚ್ಚಿದ ಹೊಸ ಎಲೆಯೇ ಆಗಬೇಕು, ಬಿಸಿಲು ಬೀಳದ ಹಾಗೆ ಬೆನ್ನು ತಿರುಗಿಸಿ ನಿಲ್ಲಬೇಕು. ಆರು ಎಲೆಯಾದರೂ ಪಟ್ಟಿಯ ಗುರುತಿಗಿಂತ ತಿಳಿ ಬಣ್ಣವಿದ್ದರೆ ಮಾತ್ರ ಮುಂದಿನ ಮೂಟೆ. ಕಣ್ಣಾರೆ ನೋಡಬೇಕು ಅನ್ನುವ ಅಂಗಡಿಯವರು ಆಗಸ್ಟ್ ಕೊನೆಯಲ್ಲಿ ಬನ್ನಿ. ಬೆಳಿಗ್ಗೆ ಎಂಟಕ್ಕೆಲ್ಲ ಗದ್ದೆ ಹತ್ತಿರ ಇರಿ, ಹತ್ತರ ಮೇಲೆ ಬಿಸಿಲಿಗೆ ಬಣ್ಣ ಸರಿಯಾಗಿ ತಿಳಿಯುವುದಿಲ್ಲ.